ಕುರ್ಚಿಕೋಣೆಯ ಶೂನ್ಯ ಅಪಘಾತ

ಸುರಕ್ಷತಾ ನಿರ್ದೇಶಕರೇ,

'ಮಾನ್ಯರೇ' ಎಂದು ಬರೆದು ಹೊಡೆದುಹಾಕಿದ್ದೇನೆ. ಕಾರ್ಖಾನೆಗಳಲ್ಲಿ ಗಾಯಗಳು ಇಳಿದಿವೆ, ಅದಕ್ಕೆ ನನ್ನ ಸಂಶೋಧನೆಯೇ ಕಾರಣ, ಆದ್ದರಿಂದ ನಿವೃತ್ತಳಾಗುತ್ತಿರುವ ನನಗೆ ಜೀವಮಾನ ಸಾಧನೆಯ ಪ್ರಶಸ್ತಿ ಎಂದು ನಿಮ್ಮ ಕಚೇರಿ ಪತ್ರಿಕೆಗಳಿಗೆ ತಿಳಿಸಿದೆ. ಗಾಯಗಳು ಇಳಿದಿಲ್ಲ. ನೀವು ಅವನ್ನು ಕುರ್ಚಿಯ ಮೇಲೆ ಕೂರಿಸಿದ್ದೀರಿ. ಅದರ ಮೇಲೆ ನನ್ನ ಹೆಸರಿನ ಮುಸುಕು ಹಾಕಲು ಹೊರಟಿದ್ದೀರಿ ಎಂಬುದೇ ನನ್ನ ತಕರಾರು.

ಈ ಬಹಿರಂಗ ಪತ್ರದ ಓದುಗರಿಗೆ ಕುರ್ಚಿಯ ವಿಷಯ ಗೊತ್ತಿರಲಿಕ್ಕಿಲ್ಲ. ಗಾಯಗೊಂಡವರು ಮರುದಿನ ಕೆಲಸಕ್ಕೆ ಗೈರಾದರೆ ಮಾತ್ರ ಅದು ಅಪಘಾತ ಎಂಬುದು ನೀವು ತಂದ ನಿಯಮ. ಅಂದಿನಿಂದ ಒಂದೊಂದು ಕಾರ್ಖಾನೆಯ ಗೇಟಿನ ಪಕ್ಕದಲ್ಲೂ ಒಂದು ಕೋಣೆ ಹುಟ್ಟಿಕೊಂಡಿತು. ಸಾಲು ಕುರ್ಚಿ, ಒಂದು ಫ್ಯಾನು, ಮೂಲೆಯಲ್ಲಿ ನೀರು. ಬ್ಯಾಂಡೇಜು ಸುತ್ತಿಕೊಂಡವರನ್ನು ಬೆಳಗ್ಗೆ ಕಂಪನಿಯ ವ್ಯಾನಿನಲ್ಲಿ ಕರೆತಂದು, ಹಾಜರಿ ಹಾಕಿಸಿ, ಸಂಜೆಯವರೆಗೆ ಕೂರಿಸುತ್ತಾರೆ. ಕುಳಿತವರು ಹಾಜರು, ಹಾಜರಿದ್ದವರಿಗೆ ಗಾಯವಿಲ್ಲ. ಇಷ್ಟು ಸಲೀಸಾದ ಚಿಕಿತ್ಸೆಯನ್ನು ನಾನು ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಹೋದ ವರ್ಷ ಆ ಕುರ್ಚಿಗಳಲ್ಲೊಂದರಲ್ಲಿ ನನ್ನ ಅತ್ತಿಗೆ ಕುಳಿತಿದ್ದರು. ಅಣ್ಣ ತೀರಿಕೊಂಡ ಮೇಲೆ ಡಬ್ಬಿಯ ಮುಚ್ಚಳ ಒತ್ತುವ ಯಂತ್ರದ ಕೆಲಸಕ್ಕೆ ಸೇರಿದವರು; ಅವರ ಮಗಳೂ ಅದೇ ಕಾರ್ಖಾನೆಯಲ್ಲಿದ್ದಳು. ನಾನು ವೃತ್ತಿಯುದ್ದಕ್ಕೂ ಅಧ್ಯಯನ ಮಾಡಿದ್ದು ಅಂಥ ಯಂತ್ರಗಳನ್ನೇ. ಕೈ ಒಳಗಿರುವಾಗ ಅಚ್ಚು ಕೆಳಗಿಳಿಯದಂತೆ ತಡೆಯುವ ಕಂಬಿಬಾಗಿಲನ್ನು ಕೂರಿಸಿದಲ್ಲೆಲ್ಲ ಬೆರಳುಗಳು ಉಳಿದಿದ್ದವು. ಅದನ್ನು ಕಡ್ಡಾಯ ಮಾಡಿ ಎಂದು ನಿಮ್ಮ ಮೇಜಿನೆದುರು ಕುಳಿತು ಬೇಡಿಕೊಂಡಿದ್ದೆ. ನೀವು ತಲೆಯಾಡಿಸಿ, ಬಾಗಿಲಿನ ಬದಲು ಗೋಡೆಗೆ ಚಿತ್ರ ಅಂಟಿಸಿದಿರಿ: 'ಎಚ್ಚರವಿರಲಿ, ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ.' ಅತ್ತಿಗೆಯ ಬಲಗೈ ಬೆರಳುಗಳು ಆ ಚಿತ್ರದ ಎದುರಿಗೇ ಹೋದವು.

ಮರುದಿನ ನಾನು ಆ ಕೋಣೆಗೆ ಓಡಿಹೋದಾಗ ನೋವಿಗೆ ಅವರ ಮುಖ ಕಪ್ಪಿಟ್ಟಿತ್ತು. ಆದರೂ ನನ್ನನ್ನು ಛೇಡಿಸುವುದು ಬಿಡಲಿಲ್ಲ.

"ಬಾ ಡಾಕ್ಟ್ರಮ್ಮ, ಕೂತ್ಕೊ. ನಾನೀಗ ದೊಡ್ಡ ಸಾಹೇಬ್ರ ಥರ, ಕೂತ್ಕೊಳ್ಳೋದೇ ಕೆಲಸ."

"ಏಳಿ ಅತ್ತಿಗೆ, ಮನೆಗೆ ಹೋಗೋಣ."

"ಎದ್ರೆ ಕೆಲಸ ಹೋಗುತ್ತೆ ಅಂತ ಮೇಸ್ತ್ರಿ ಹೇಳಿದಾನೆ. ನನ್ನದಿರ್ಲಿ. ನೀನು ಯಾವುದೋ ಬಾಗಿಲು ಬಾಗಿಲು ಅಂತಿದ್ಯಲ್ಲ, ಅದು ಯಾವಾಗ ಬರುತ್ತೆ? ಇವತ್ತು ನನ್ನ ಮಿಷನ್ನಿಗೆ ಮಗಳನ್ನ ನಿಲ್ಸಿದಾರೆ."

ಅಂದು ಹುಟ್ಟಿದ ಸಿಟ್ಟನ್ನು ಹೊಟ್ಟೆತುಂಬ ಉಣಿಸಿ ಸಾಕಿದ್ದೇನೆ. ಅದೇ ವರ್ಷ ಆ ಕಾರ್ಖಾನೆಗೆ 'ಶೂನ್ಯ ಅಪಘಾತ'ದ ಫಲಕ ಕೊಟ್ಟವರು ಯಾರು, ನೆನಪಿದೆಯೇ? ಫೋಟೊದಲ್ಲಿ ಮಾಲೀಕರ ಕೈಯನ್ನು ಎಷ್ಟು ಪ್ರೀತಿಯಿಂದ ಕುಲುಕುತ್ತಿದ್ದೀರಿ. ಇಬ್ಬರದೂ ಪೂರ್ತಿ ಕೈ.

ನಿಮ್ಮ ಪ್ರಶಸ್ತಿಯನ್ನು ನಾನು ನಿರಾಕರಿಸುವುದಿಲ್ಲ. ನಿರಾಕರಿಸಿದರೆ ಇನ್ನೊಬ್ಬರನ್ನು ಹುಡುಕಿ ಕೈ ತೊಳೆದುಕೊಳ್ಳುತ್ತೀರಿ. ಅತಿಥಿಗಳನ್ನು ಕರೆತರಬಹುದು ಎಂದು ನಿಮ್ಮವರೇ ಫೋನಿನಲ್ಲಿ ಹೇಳಿದ್ದಾರೆ. ಕುರ್ಚಿಕೋಣೆಗಳಲ್ಲಿ ಕುಳಿತೆದ್ದವರೆಲ್ಲ ನನ್ನೊಡನೆ ಬರುತ್ತಿದ್ದಾರೆ. ಮುಂದಿನ ಸಾಲುಗಳನ್ನು ಖಾಲಿ ಬಿಡಿ. ಗಂಟೆಗಟ್ಟಲೆ ಕೂರುವ ಅಭ್ಯಾಸ ಅವರಿಗಿದೆ, ಗಲಾಟೆ ಮಾಡುವುದಿಲ್ಲ. ನಾನೂ ಭಾಷಣ ಮಾಡುವುದಿಲ್ಲ. ಅವರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ನಿಮಗೆ ಬಲಗೈ ಚಾಚುತ್ತಾರೆ. ಮೊದಲು ಅತ್ತಿಗೆ. ನೀವು ಕ್ಯಾಮೆರಾಗಳ ಮುಂದೆ ಹಿಡಿದು ಕುಲುಕಬೇಕು, ಕೈಗೆ ಎಷ್ಟು ಸಿಗುತ್ತದೋ ಅಷ್ಟನ್ನು. ಅಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಅಂಗೈಗೆ ಅದು ನೆನಪಾಗಲಿ ಎಂಬುದೇ ನನ್ನ ಆಸೆ.

ತಪ್ಪಿಸಿಕೊಳ್ಳಲು ಒಂದೇ ದಾರಿ. ಸಮಾರಂಭಕ್ಕೆ ಮುಂಚೆ ನಿಮ್ಮ ಗೈರುಹಾಜರಿಯ ನಿಯಮ ರದ್ದಾಗಬೇಕು, ಅಂಥ ಪ್ರತಿ ಯಂತ್ರಕ್ಕೂ ಬಾಗಿಲು ಬರಬೇಕು. ಇಲ್ಲದಿದ್ದರೆ ಆ ಸಾಲಿನ ಕೊನೆಯಲ್ಲಿ ಅಣ್ಣನ ಮಗಳಿರುತ್ತಾಳೆ. ಅವಳು ಈಗಲೂ ಅಮ್ಮನ ಯಂತ್ರದ ಮುಂದೆಯೇ ನಿಲ್ಲುತ್ತಾಳೆ. ಸದ್ಯಕ್ಕೆ ಕೈ ಪೂರ್ತಿಯಿದೆ. ಅದನ್ನು ಮಾತ್ರ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ, ಬೆರಳುಗಳನ್ನು ಎಣಿಸಿಕೊಳ್ಳಿ. ಮುಂದೆ ಒಂದು ಕಡಿಮೆಯಾದರೂ ಕೇಳಲು ನಿಮ್ಮ ಮನೆಬಾಗಿಲಿಗೇ ಬರುತ್ತೇನೆ.

ಇಂತಿ,
ಮನೆಯವರ ಬೆರಳನ್ನೇ ಉಳಿಸಲಾರದ
ಜೀವಮಾನ ಸಾಧಕಿ