ನಡುವೆ ನಿಂತ ಲೆಕ್ಕ

ಪ್ರೀತಿಯ ಅತ್ತೆ,

ನೀವು ಮೊದಲ ಸಲ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದು ನೆನಪಿದೆಯೇ? ಕಾಲೇಜು ಬಿಟ್ಟು ನಿಮ್ಮ ಬೈಲಹೊಂಗಲದ ಮನೆಗೆ ಸೊಸೆಯಾಗಿ ಬಂದ ಮೇಲೂ ಆ ಬೀಜಗಣಿತದ ಪ್ರೋಗ್ರಾಮಿನ ಚಟ ನನ್ನನ್ನು ಬಿಟ್ಟಿರಲಿಲ್ಲ. ನಾನು ಲೆಕ್ಕದ ಒಂದು ಸಾಲು ಬರೆದರೆ ಅದು ಬಿಡಿಸಿ ಉತ್ತರ ಕೊಡುತ್ತಿತ್ತು. ಅಂದು ಮುಚ್ಚಲೆಂದು ‘ಕ್ವಿಟ್’ ಎಂದು ಹೊಡೆದೆ. ಅದೂ ತಿರುಗಿ ‘ಕ್ವಿಟ್’ ಎಂದಿತು!

“ಏನ್ ಅಂತೈತಿ?” ಎಂದಿರಿ.

“ಹೋಗು ಅಂದ್ರ, ಹೋಗು ಅಂತೈತ್ರಿ.”

“ಥೇಟ್ ನಿಮ್ಮ ಸಾಲಹಳ್ಳಿ ಮಂದಿ! ಅಂದಿದ್ದನ್ನ ತಿರುಗಿ ಅಂತಾರ, ಜಾಗಾ ಬಿಟ್ಟು ಏಳಂಗಿಲ್ಲ.”

ನನ್ನ ತವರಿನವರನ್ನು ಆಡಿಕೊಳ್ಳಲು ನಿಮಗೆ ಕಂಪ್ಯೂಟರೂ ಆದೀತು. ಆ ಪದದ ಮುಂದೆ ಖಾಲಿ ಆವರಣ ಚಿಹ್ನೆ, ಕೊನೆಗೊಂದು ಅರ್ಧವಿರಾಮ ಹಾಕಿದ ಮೇಲೆಯೇ ಅದು ಹೊರಟಿದ್ದು. “ಹೋಗಾಕೂ ಇಷ್ಟ್ ಮರ್ಯಾದಿ ಬೇಕೇನು!” ಎಂದು ಬಿದ್ದು ಬಿದ್ದು ನಕ್ಕಿರಿ.

ಇನ್ನೊಂದು ಮಧ್ಯಾಹ್ನ ನೀವು ರೊಟ್ಟಿ ಬಡಿದು ಬಂದಾಗ ಅದು ನನ್ನ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಉತ್ತರವನ್ನೇ ಕೊಡದೆ ಕೂತಿತ್ತು. ನೀವು ಸೀದಾ ಪವರ್ ಬಟನ್ನಿಗೇ ಕೈ ಹಾಕಿದಿರಿ.

“ಬ್ಯಾಡ್ರಿ ಅತ್ತಿ, ಮಾಡಿದ್ದೆಲ್ಲಾ ಹೋಗತೈತ್ರಿ!” ಎಂದು ಕಂಟ್ರೋಲ್ ಜೊತೆ ಸಿ ಒತ್ತಿದೆ. ಲೆಕ್ಕ ನಿಂತಿತು.

“ಹೋತೇನು?”

“ಇಲ್ರಿ. ಆ ಲೆಕ್ಕ ಅಷ್ಟ ನಿಂತೈತಿ. ಮೊದಲಿಂದೆಲ್ಲಾ ಹಂಗ ಐತ್ರಿ, ಇಲ್ಲಿಂದ ಮುಂದ ಮಾಡಬಹುದು.”

ನೀವು ಬಟನ್ನಿನಿಂದ ಕೈ ತೆಗೆದು ನನ್ನ ಪಕ್ಕ ಕೂತಿರಿ. ಆಮೇಲೆ ಕೇಳಿದಿರಿ: “ಹಂಗಾರ ನಿನ್ನ ಎಂ.ಎಸ್ಸಿ? ಲಗ್ನದ ಗದ್ದಲದಾಗ ನಿಂತೈತಿ, ಅಷ್ಟ. ಹೋಗಿಲ್ಲಲ್ಲ?”

ಮಗನನ್ನು ದಬಾಯಿಸಿ ಮತ್ತೆ ಕಾಲೇಜಿಗೆ ನನ್ನ ಹೆಸರು ಹಚ್ಚಿಸಿದಿರಿ. “ರೊಟ್ಟಿ ನಾ ಬಡೀತೇನಿ, ನೀ ಓದು” ಎಂದಿರಿ. ಪರೀಕ್ಷೆ ಇನ್ನೇನು ಬಂತು ಅನ್ನುವಾಗ ನೀವೇ ನಮ್ಮನ್ನೆಲ್ಲ ಬಿಟ್ಟು ಹೊರಟುಬಿಟ್ಟಿರಿ. ಅಷ್ಟು ಅವಸರವೇನಿತ್ತು, ಅತ್ತೆ? ನನಗೆ ನಿಮ್ಮ ಮೇಲೆ ಸಿಟ್ಟೇ ಬಂತು. ಪುಸ್ತಕ ಮುಚ್ಚಿಟ್ಟೆ. ಆಗ ಮಾವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರು. ಅವುಗಳ ಆಕಾರದ ಬಗ್ಗೆ ನಾನು ಏನೂ ಹೇಳಬಾರದು. ನಗು ಬಂತು, ಅಳುವೂ ಬಂತು, ಎದ್ದು ಓದಲು ಕೂತೆ.

ಮೊನ್ನೆ ಫಲಿತಾಂಶ ಬಂತು. ನೋಡಿದವಳೇ ಅಡುಗೆಮನೆಯತ್ತ ತಿರುಗಿ “ಅತ್ತೀ!” ಎಂದು ಕೂಗಿಬಿಟ್ಟೆ. ಹಿಟ್ಟಿನ ಕೈಯಲ್ಲೇ ಮಾವ ಹೊರಬಂದರು. “ನನಗ ಹೇಳವಾ, ಆಕೀಗೆ ನಾ ಮುಟ್ಟಸ್ತೇನಿ” ಎಂದರು.

ಬೇಡ, ನಾನೇ ಹೇಳುತ್ತೇನೆ ಎಂದೆ.

ಪಾಸಾದೆ, ಅತ್ತೆ.

ನಿಮ್ಮ ಸೊಸೆ,
ಶೋಭಾ