ಮೋಯಿಸನ ಒರೆ, ಆಲೆಕ್ಸಿಯ ಚಾಕು

ಸಸ್ಕಾಚೆವಾನ್ ನದಿದಂಡೆ
೧೧ ಮಾರ್ಚ್ ೧೮೯೮

ಮಗಳು ಕ್ಲೆಮಾನ್ಸಳಿಗೆ ಅಮ್ಮನ ಮುತ್ತುಗಳು.

ಇವತ್ತು ತಪಸ್ಸುಕಾಲದ ಶುಕ್ರವಾರ, ನನಗೆ ಒಪ್ಪೊತ್ತು. ನದಿಯ ಮಂಜುಗಡ್ಡೆ ಒಡೆದು ನೀರು ತಂದೆ, ಹಸು ಕರೆದೆ, ಒಲೆಯ ಬೂದಿ ತೆಗೆದೆ, ಜಪಸರ ಮುಗಿಸಿ ಈಗ ಕೂತಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಬೇಜಾರು ಮಾಡಿಕೊಳ್ಳಬೇಡ, ಒರೆ ಮುಗಿಯದೆ ಬರೆಯಲು ಮನಸ್ಸಾಗಲಿಲ್ಲ.

ನಿನ್ನ ಗಂಡ ಮೋಯಿಸನ ಚಾಕಿಗೆ ಒರೆ ಹೊಲಿದುಕೊಡು ಎಂದು ಕೇಳಿದೆ, ಸಂತೋಷ. ಆದರೆ ಚಾಕು ಕಳಿಸದೆ ಅದರ ಆಕಾರ ಬರೆದು ಕಳಿಸಿದೆಯಲ್ಲೇ. ಹಸಿ ಚರ್ಮವನ್ನು ಚಾಕಿನ ಮೈಗೇ ಹೊಲಿದು ಒಣಗಿಸಬೇಕು ಎಂಬುದೂ ಮರೆತುಹೋಯಿತೇ? ಕಾಗದದಲ್ಲಿ ದಪ್ಪ ಎಲ್ಲಿ ಬರುತ್ತದೆ? ನಿನ್ನಪ್ಪ ಅದನ್ನು ಬೆಳಕಿಗೆ ಹಿಡಿದು, "ಕಾಗದದ ಚಾಕಿಗೆ ಒರೆ ಬೇಕಂತೆ. ಬೇಟೆ ಮಾಂಸಾನೂ ಹಿಂಗೇ ಬರ್ದು ಕಳಿಸ್ತಾನೇನೋ ನಿನ್ನ ಅಳಿಯ" ಎಂದರು.

ಮನೆಯ ಚಾಕುಗಳನ್ನೆಲ್ಲ ಅದರ ಮೇಲೆ ಇಟ್ಟು ನೋಡಿದೆವು. ಹೊಂದಿದ್ದು ಒಂದೇ, ನಿನ್ನ ಅಣ್ಣ ಆಲೆಕ್ಸಿಯದು. ನದಿ ದಾಟುವಾಗ ಮಂಜುಗಡ್ಡೆ ಒಡೆದು ಅವನು ಕಾಣೆಯಾದ ದಿನ, ಸಾಣೆ ಹಿಡಿದಿಡು ಎಂದು ಅಪ್ಪನ ಹತ್ತಿರ ಬಿಟ್ಟುಹೋಗಿದ್ದನಲ್ಲ, ಅದು. ಪೆಟ್ಟಿಗೆಯಿಂದ ತೆಗೆದುಕೊಟ್ಟವರು ನಿನ್ನಪ್ಪನೇ. ಅಲಗಿಗೆ ಕೊಬ್ಬು ಸವರಿ, ಬಟ್ಟೆ ಸುತ್ತಿ, ಮೇಲೆ ಚರ್ಮ ಎಳೆದು ಹೊಲಿದೆ.

ಹೊಲಿಯುತ್ತ ಹಳೆಯದೆಲ್ಲ ನೆನಪಾಯಿತು. ಆಗ ಕಾಡುಕೋಣದ ಚರ್ಮ, ದಬ್ಬಳವೇ ಬಾಗುತ್ತಿತ್ತು. ಗಂಡಸರು ನಡುಪಟ್ಟಿಗೆ ಸಿಕ್ಕಿಸುತ್ತಿದ್ದ ಒರೆ ಎಷ್ಟು ಆಳವೆಂದರೆ ಹಿಡಿಯ ತುದಿ ಮಾತ್ರ ಕಾಣುತ್ತಿತ್ತು. ಕುದುರೆ ಹೇಗೇ ಓಡಲಿ, ಚಾಕು ಬೀಳುತ್ತಿರಲಿಲ್ಲ. ಪಿಟೀಲು ಶುರುವಾದರೆ ಎಲ್ಲರೂ ಒರೆ ಬಿಚ್ಚಿ ಬಾಗಿಲ ಗೂಟಕ್ಕೆ ಹಾಕಿ ಕುಣಿಯಲು ಬರುತ್ತಿದ್ದರು. ಒರೆಯ ಮೇಲಿನ ಮಣಿಹೂ ನೋಡಿಯೇ ಯಾರ ಮನೆಯವರು ಬಂದರೆಂದು ನಾವು ಹೆಂಗಸರು ಹೇಳುತ್ತಿದ್ದೆವು. ನಿನ್ನಪ್ಪನಿಗೆ ನಾನು ಹಾಕಿದ ಗುಲಾಬಿ ನೋಡಿ ನನ್ನ ಅತ್ತಿಗೆ, "ಇದೇನೇ ರೊಸಾಲಿ, ಹೂವಾ ಎಲೆಕೋಸಾ?" ಎಂದಿದ್ದಳು. ಮೋಯಿಸನಿಗೂ ಅದೇ ಎಲೆಕೋಸು ಹಾಕಿದ್ದೇನೆ.

ಒಣಗಿದ ಮೇಲೆ ಚಾಕು ಎಳೆಯಲು ಹೋದೆ. ನಿನ್ನಪ್ಪ ನನ್ನ ಕೈ ಹಿಡಿದರು. "ಬಿಡು. ಹಿಂಗೇ ಕಳ್ಸು. ಅಳಿಯ ಕಟ್ಕೊಳ್ಳಲಿ."

ಹಾಗಾಗಿ ಚಾಕಿನ ಸಮೇತ, ನಿಮ್ಮೂರ ಕಡೆ ಹೊರಟಿರುವ ಇಸಿದೋರನ ಜಾರುಬಂಡಿಯಲ್ಲಿ ಕಳಿಸುತ್ತಿದ್ದೇನೆ. ಮಾತೆ ಮರಿಯಮ್ಮ ನಿಮ್ಮಿಬ್ಬರನ್ನೂ ಕಾಪಾಡಲಿ.

ನಿನ್ನ ಅಮ್ಮ,
ರೊಸಾಲಿ

ತಾ.ಕ.: ಆಲೆಕ್ಸಿಯ ದೇಹ ಸಿಗಲಿಲ್ಲವಲ್ಲ. ಇಷ್ಟು ವರ್ಷವೂ ನಿನ್ನಪ್ಪ ಭಾನುವಾರ ಪೂಜೆಯಿಂದ ಬಂದವರೇ ಆ ಚಾಕು ಒರೆಸಿಡುತ್ತಿದ್ದರು. ತುಕ್ಕು ಹಿಡಿದಿದ್ದರೆ ಬಂದವನು ಬಯ್ಯುತ್ತಾನೆ ಎನ್ನುತ್ತಿದ್ದರು. ಈಗ ಕೊಟ್ಟುಬಿಟ್ಟರು. ಅವನ ಆತ್ಮಕ್ಕೆ ಪೂಜೆ ಹೇಳಿಸೋಣವೇ ಎಂದು ಮೊನ್ನೆ ಕೇಳಿದರು. ನನಗೆ ಇವತ್ತಿಗೂ ಅಂಗಳದಲ್ಲಿ ನಾಯಿ ಬೊಗಳಿದರೆ ಅವನೇ ಅನಿಸುತ್ತದೆ. ನೀನೂ ಕಾಯುವುದು ಬಿಟ್ಟೆಯಾ, ಕ್ಲೆಮಾನ್ಸ್? ಬಿಟ್ಟೆ ಎಂದು ಬರೆದರೆ ನಾನೂ ಪೂಜೆಗೆ ಹೂಂ ಅನ್ನುತ್ತೇನೆ. ಬರೆದು ಇಸಿದೋರನ ಕೈಗೆ ಕೊಡು. ವಾಪಸು ಹೊರಡುವ ಮೊದಲು ನಿನ್ನ ಬಾಗಿಲಿಗೇ ಬಂದು ಉತ್ತರ ತೆಗೆದುಕೊಂಡು ಬಾ ಎಂದು ಅವನನ್ನು ಕೇಳಿಕೊಂಡಿದ್ದೇನೆ.