ಯುರೋಪಿನಲ್ಲಿ ತಡೆದ ಮಾತ್ರೆ

ಹೆಗ್ಗನಹಳ್ಳಿ, ಬೆಂಗಳೂರು
೧೨ ಮಾರ್ಚ್ ೨೦೦೯, ಗುರುವಾರ

ನನ್ನ ಮುದ್ದು ದಾನಮ್ಮ,

ನಿನ್ನೆ ನಾನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಮತ್ತೆ ಮಾತಾಡಿದರೆ ಮತ್ತೆ ಜಗಳವಾದೀತು ಎಂದು ಸುಂಕದಕಟ್ಟೆಯ ಅಂಗಡಿಯಿಂದ ಈ ಪತ್ರವನ್ನು ನಿಮ್ಮ ಆಸ್ಪತ್ರೆಗೆ ಫ್ಯಾಕ್ಸ್ ಮಾಡಿಸುತ್ತಿದ್ದೇನೆ.

ಕಾರ್ಖಾನೆಯಲ್ಲಿ ನಾವು ಲೇಬಲ್ ಅಂಟಿಸಿ ಪ್ಯಾಕ್ ಮಾಡಿದ ಏಡ್ಸ್ ಮಾತ್ರೆ, ನೀನು ನರ್ಸಾಗಿರುವ ಜಾಂಬಿಯಾದ ಆಸ್ಪತ್ರೆಗೇ ಹೊರಟಿದೆ ಎಂದಾಗ ಎಷ್ಟು ಹಿಗ್ಗಿದ್ದೆ! ವಿಮಾನ ಬದಲಾಗುವ ಯುರೋಪಿನ ಊರಿನಲ್ಲಿ ಕಸ್ಟಮ್ಸಿನವರು ಹಿಡಿದಿಟ್ಟರು. ಲೇಬಲ್ ಅವರ ದೇಶದ ಕಂಪನಿಯದನ್ನು ಹೋಲುತ್ತದಂತೆ, ಅದಕ್ಕೇ ನಕಲಿಯಂತೆ. ಮ್ಯಾನೇಜರ್ ವೆಂಕಟರಮಣಪ್ಪನವರು, "ನಕಲಿ ಅಂತಿದಾರೆ ಕಣಮ್ಮ, ಏನ್ ಮಾಡೋದು ಹೇಳು" ಎಂದರು. "ಅವರ ಮುಂದ ನಾನ ಒಂದು ಗುಳಿಗಿ ನುಂಗ್ತೀನ್ರಿ, ಕರಸ್ರಿ" ಎಂದೆ. ಯಾರೂ ನಗಲಿಲ್ಲ.

ಈಗ ಅದೇ ದೇಶದವರು ನಿಮ್ಮಲ್ಲಿಗೆ ಬಂದು, ಭಾರತದ ಮಾತ್ರೆ ನಂಬುವಂತಿಲ್ಲ ಎಂದು ಔಷಧಿ ನೋಡಿಕೊಳ್ಳುವ ನೀನು ಸಹಿ ಹಾಕಿದರೆ ತಮ್ಮ ಕಂಪನಿಯ ಮಾತ್ರೆಯನ್ನು ನೆರವಾಗಿ ಕೊಡುತ್ತಾರಂತೆ. ಅದೂ ನೂರು ರೋಗಿಗಳಲ್ಲಿ ಮೂವತ್ತು ಮಂದಿಗೆ. ಆ ಮೂವತ್ತು ಮಂದಿಯನ್ನು ಆರಿಸುವವರು ಯಾರು, ನೀನೇ? ನಿಮ್ಮ ವಾರ್ಡು ಕಟ್ಟಿಸಿ ಗೋಡೆಗೆ ಬಾವುಟ ಬರೆಸಿದವರೂ ಅವರೇ, ಒಳಗೆ ಮಲಗಿದವರ ಔಷಧಿ ತಡೆದವರೂ ಅವರೇ. ನೆನೆದರೆ ಮೈ ಉರಿಯುತ್ತದೆ. ಏಳನೇ ಕ್ಲಾಸಿನ ನಿನಗೇನು ಗೊತ್ತು ಎಂದೆಯಲ್ಲ, ಪಕ್ಕದ ಅಂಗಡಿ ಮುಚ್ಚಿಸಿ ದಾನ ಮಾಡುವವರ ಬುದ್ಧಿ ತಿಳಿಯಲು ಡಿಗ್ರಿ ಬೇಕಿಲ್ಲ.

ಐದೇ ದಿನದ ಮಾತ್ರೆ ಉಳಿದಿದೆ, ನಡುವೆ ತಪ್ಪಿದರೆ ಮುಂದೆ ಮದ್ದೇ ನಾಟುವುದಿಲ್ಲ ಎಂದು ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ನನಗೂ ಭಯವಾಗುತ್ತಿದೆ. ಆದರೂ ಸಹಿ ಹಾಕಬೇಡ. ಹಾಕಿದರೆ ಇನ್ನು ಯಾರೂ ನಮ್ಮಿಂದ ತರಿಸುವುದಿಲ್ಲ, ಅವರು ಹೇಳಿದ್ದೇ ಬೆಲೆಯಾಗುತ್ತದೆ. ನಾಲ್ಕು ದಿನ ತಾಳು. ಏಕೆ ಎಂದು ಕೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಶಂಕ್ರವ್ವ

ತಾ.ಕ.: ನಿನ್ನಿಂದ ಮುಚ್ಚಿಡಲು ಆಗುತ್ತಿಲ್ಲ. ಕಸ್ಟಮ್ಸಿನವರು ಮಾತ್ರೆಯ ಪೆಟ್ಟಿಗೆಗಳನ್ನು ಬಿಟ್ಟಿದ್ದಾರೆ, ಸೋಮವಾರ ನಿನಗೆ ಸಿಗುತ್ತವೆ. ಲೇಬಲ್ ತಪ್ಪಾಗಿದೆ ಎಂದು ಅಂಟಿಸಿದವರೇ ಬರೆದುಕೊಟ್ಟರೆ ಬೇರೆ ಲೇಬಲ್ ಹಾಕಿ ಕಳಿಸುತ್ತೇವೆ ಎಂದಿದ್ದರು. ತಪ್ಪು ನನ್ನದೇ ಎಂದು ಬರೆದುಕೊಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಲೇಬಲ್ಲನ್ನೂ ಸೊಟ್ಟಗೆ ಅಂಟಿಸಿದವಳಲ್ಲ ನಾನು. ಬರೆದುಕೊಟ್ಟದ್ದಕ್ಕೇ ನಿನ್ನೆ ನಮ್ಮ ಕಾರ್ಖಾನೆಯವರು ನನ್ನನ್ನು ಕೆಲಸದಿಂದ ತೆಗೆದರು. ಹೊರಗಿನ ಲೇಬಲ್ ಹೊಸದು, ಒಳಗಿನ ಮಾತ್ರೆ ನಾವು ತುಂಬಿದ್ದೇ. ಹೆದರದೆ ಕೊಡು, ನೂರು ಜನಕ್ಕೂ.